ಹೊಟ್ಟೆಯೊಳಗಿನ ಹೆಸರುಗಳು

ಕನ್ನಡಿಗರಾದ ನಮಗೆ ‘ಹೊಟ್ಟೆ’ ಎಂಬ ಒಂದು ಮಾತಿದ್ದರೆ ಬಾಳಿನ ಅರ್ಧ ಕಥೆಯನ್ನು ಹೇಳಿ ಮುಗಿಸಬಹುದು. ದುಡಿಯುವುದು ಹೊಟ್ಟೆಪಾಡಿಗಾಗಿ, ನೆರೆಯವನ ಏಳಿಗೆಯನ್ನು ಕಂಡು ಕರುಬಿದರೆ ಅದು ಹೊಟ್ಟೆಕಿಚ್ಚು, ತಪ್ಪು ಮಾಡಿದವನು ತಲೆತಗ್ಗಿಸಿ ನಿಂತರೆ ಆ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ, ತಾಯಿ ಮಗುವನ್ನು ಹೊರುವುದೂ ಹೊಟ್ಟೆಯಲ್ಲಿಯೇ. ಕರುಳಿನ ಪಾಡೂ ಹೀಗೆಯೇ. ಅದು ಚುರುಕ್ಕೆನ್ನುತ್ತದೆ, ಕಿತ್ತು ಬರುತ್ತದೆ, ಕುಡಿಯೊಡೆಯುತ್ತದೆ. ಅದರೊಳಗೆ ಅನ್ನ ಸಾಗುತ್ತದೆಂಬುದು ಮಾತ್ರ ನಮಗೆ ನೆನಪಾಗುವುದು ಅಪರೂಪ. ಕವಿಗಳಿಗೆ ಇದು ದೊಡ್ಡ ಭಾಗ್ಯವೇ ಸರಿ. ಆದರೆ ವೈದ್ಯನ ಎದುರಿಗೆ ಕುಳಿತು “ಹೊಟ್ಟೆನೋವು” ಎಂದಾಗ ಈ ಭಾಗ್ಯವೇ ತೊಡಕಾಗಿ ಪರಿಣಮಿಸುತ್ತದೆ. ಪಕ್ಕೆಲುಬುಗಳ ಅಂಚಿನಿಂದ ತೊಡೆಸಂದಿನವರೆಗಿನ ಆ ಪ್ರದೇಶದಲ್ಲಿ ಜಠರವಿದೆ, ಎರಡು ಬಗೆಯ ಕರುಳುಗಳಿವೆ, ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿ, ಗುಲ್ಮ, ಮೂತ್ರಪಿಂಡ, ಮೂತ್ರಕೋಶಗಳಿವೆ. ನೋವು ಇವುಗಳಲ್ಲಿ ಯಾವುದರದು?

ಆದುದರಿಂದ ಈ ಹೆಸರುಗಳನ್ನು ಹಿಡಿದುಕೊಂಡು ಒಂದು ಪ್ರಯಾಣ ಹೊರಡೋಣ. ಹೆಸರು ತಪ್ಪಿದರೆ ಪರೀಕ್ಷೆಯಲ್ಲಿ ಅಂಕ ಹೋಗುವುದು ಸಣ್ಣ ಮಾತು. ಕೆಲವು ಕಡೆ ಪ್ರಾಣವೇ ಹೋಗುವುದುಂಟು. ನಮ್ಮ ಪ್ರಯಾಣಿಕ ಒಂದು ತುತ್ತು ರಾಗಿಮುದ್ದೆ, ಜೊತೆಗೆ ಅವರೆಕಾಳಿನ ಸಾರು.

ಮೊದಲ ಹೆಜ್ಜೆಯಲ್ಲಿಯೇ ನಮ್ಮ ಪ್ರಯಾಣಿಕ ನಿಯಮವನ್ನು ಮುರಿಯುತ್ತಾನೆ. ಅನ್ನವನ್ನು ಚೆನ್ನಾಗಿ ಅಗಿದು ತಿನ್ನಬೇಕೆಂದು ಪಾಠದ ಪುಸ್ತಕಗಳು ಹೇಳಿದರೆ, ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಮಂಡ್ಯ, ಹಾಸನ, ತುಮಕೂರುಗಳ ಹಿರಿಯರು ಹೇಳುತ್ತಾರೆ. ಬಾಯಿಯಲ್ಲಿ ಮೂರು ಜೊತೆ ಲಾಲಾಗ್ರಂಥಿಗಳಿವೆ; ದಿನಕ್ಕೆ ಸುಮಾರು 1 ಲೀಟರಿನಿಂದ 1.5 ಲೀಟರಿನಷ್ಟು ಲಾಲಾರಸ, ಎಂದರೆ ಜೊಲ್ಲು, ಅವುಗಳಿಂದ ಒಸರುತ್ತದೆ. ಅದರಲ್ಲಿರುವ ಅಮಿಲೇಸ್ ಎಂಬ ಕಿಣ್ವವು ಪಿಷ್ಟವನ್ನು ಕತ್ತರಿಸಿ ಸಕ್ಕರೆಯತ್ತ ತಿರುಗಿಸುತ್ತದೆ. ಒಣರೊಟ್ಟಿಯ ಒಂದು ಚೂರನ್ನು ಏನನ್ನೂ ನಂಚಿಕೊಳ್ಳದೆ ಎರಡು ಮೂರು ನಿಮಿಷ ಅಗಿಯುತ್ತ ಕುಳಿತರೆ ನಾಲಗೆಗೆ ಸಿಹಿ ಹತ್ತುವುದು ಇದರಿಂದಲೇ. ಮುದ್ದೆಯನ್ನು ನುಂಗುವವರು ಈ ಅವಕಾಶವನ್ನು ಕಳೆದುಕೊಳ್ಳುತ್ತಾರೆ, ನಿಜ. ಆದರೆ ಅದೇ ಕೆಲಸವನ್ನು ಮಾಡುವ ಇನ್ನೊಂದು ಅಮಿಲೇಸ್ ಮುಂದೆ ಸಣ್ಣಕರುಳಿನಲ್ಲಿ ಕಾದಿರುತ್ತದೆ. ಹದವಾಗಿ ಬೆಂದ ಹಿಟ್ಟಿಗೆ ಅದೊಂದೇ ಸಾಕು. ಹಿರಿಯರಿಗೆ ಅಜೀರ್ಣವಾಗಲಿಲ್ಲವೇಕೆಂಬುದಕ್ಕೆ ಇದೇ ಉತ್ತರ.

‘ಕಿಣ್ವ’ ಎಂಬ ಮಾತನ್ನು ಬಳಸಿದೆವು. ಸಂಸ್ಕೃತದಲ್ಲಿ ಇದು ಮದ್ಯವನ್ನು ಹುದುಗಿಸಲು ಹಾಕುತ್ತಿದ್ದ ಮೂಲದ್ರವ್ಯದ ಹೆಸರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಕ್ಯೂನೆ ಎಂಬ ವಿಜ್ಞಾನಿ ‘ಎನ್‌ಜೈಮ್’ ಎಂಬ ಶಬ್ದವನ್ನು ಟಂಕಿಸಿದಾಗ, ಅವನೂ ಗ್ರೀಕ್ ಭಾಷೆಯಿಂದ ‘ಹುದುಗಿನೊಳಗಿನದು’ ಎಂಬರ್ಥದ ಮಾತನ್ನೇ ಆರಿಸಿಕೊಂಡನು. ನಮ್ಮ ಪರಿಭಾಷೆಯನ್ನು ಕಟ್ಟಿದವರು ಇಲ್ಲಿ ಶಬ್ದವನ್ನಲ್ಲ, ಭಾವವನ್ನೇ ಹಿಡಿದಿದ್ದಾರೆ. ಎಲ್ಲ ಕಡೆಯೂ ಅವರು ಇಷ್ಟು ಸಮರ್ಥರಾಗಲಿಲ್ಲವೆಂಬುದು ಮುಂದೆ ತಿಳಿದುಬರುವುದು.

ಗಂಟಲಿನಲ್ಲಿ ಒಂದು ಕವಲುದಾರಿ. ಮುಂದಿನದು ಶ್ವಾಸನಾಳ, ಹಿಂದಿನದು ಅನ್ನನಾಳ. ನುಂಗುವ ಕ್ಷಣದಲ್ಲಿ ಒಂದು ಪುಟ್ಟ ಮುಚ್ಚಳ ಬಾಗಿ ಶ್ವಾಸನಾಳದ ಬಾಯಿಯನ್ನು ಮುಚ್ಚುತ್ತದೆ. ಮಾತನಾಡುತ್ತಲೋ ನಗುತ್ತಲೋ ನುಂಗಿದಾಗ ಒಂದು ಅಗುಳು ತಪ್ಪುದಾರಿ ಹಿಡಿದರೆ ನಾವು ಏನೆನ್ನುತ್ತೇವೆ? “ನೆತ್ತಿಗೆ ಹತ್ತಿತು” ಎನ್ನುತ್ತೇವೆ. ಪಕ್ಕದಲ್ಲಿ ಕುಳಿತ ಅಜ್ಜಿ “ಯಾರೋ ನೆನೆಸಿಕೊಂಡರು” ಎಂದು ನೆತ್ತಿಯನ್ನು ತಟ್ಟುತ್ತಾಳೆ. ಅಗುಳು ನೆತ್ತಿಯತ್ತ ಹೋಗಿಯೇ ಇಲ್ಲ. ಹೋದದ್ದು ಕೆಳಗೆ, ಶ್ವಾಸಕೋಶದ ಹಾದಿಗೆ. ಸಾಮಾನ್ಯವಾಗಿ ಕೆಮ್ಮು ಅದನ್ನು ಹೊರಗೆ ಎಸೆದುಬಿಡುತ್ತದೆಯಾದ್ದರಿಂದ ಅಜ್ಜಿಯ ಉಪಚಾರಕ್ಕೆ ಕೀರ್ತಿ ಬರುತ್ತದೆ. ಆದರೆ ಕೆಮ್ಮಲೂ ಆಗದೆ, ಮಾತೂ ಹೊರಡದೆ, ಮುಖ ಕಪ್ಪಿಟ್ಟರೆ ನೆತ್ತಿಯನ್ನು ತಟ್ಟುತ್ತ ಕೂಡುವುದು ಕಾಲವನ್ನು ಕಳೆದಂತೆ. ಆಗ ತಟ್ಟಬೇಕಾದುದು ಬೆನ್ನನ್ನು. ರೋಗಿಯನ್ನು ಮುಂದಕ್ಕೆ ಬಾಗಿಸಿ, ಎರಡು ಹೆಗಲೆಲುಬುಗಳ ನಡುವೆ, ಅಂಗೈಯ ಬುಡದಿಂದ ಬಲವಾಗಿ ಐದು ಸಲ. ಅದಕ್ಕೂ ಬಗ್ಗದಿದ್ದರೆ ಹಿಂದೆ ನಿಂತು, ಹೊಕ್ಕುಳಿನ ಮೇಲೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ಒಂದು ವರ್ಷ ತುಂಬದ ಕೂಸುಗಳಿಗೆ ಮಾತ್ರ ಹೊಟ್ಟೆಯನ್ನು ಹೀಗೆ ಒತ್ತಬಾರದು.

ಅನ್ನನಾಳದ ಉದ್ದ ಸುಮಾರು 25 ಸೆಂಟಿಮೀಟರು. ತುತ್ತು ಅದರಲ್ಲಿ ಕಲ್ಲಿನಂತೆ ಬೀಳುವುದಿಲ್ಲ. ನಾಳದ ಸ್ನಾಯುಗಳು ಅಲೆಯಲೆಯಾಗಿ ಹಿಂಡುತ್ತ ಅದನ್ನು ತಳ್ಳುತ್ತವೆ. ತಲೆಕೆಳಗಾಗಿ ನಿಂತು ನುಂಗಿದರೂ ತುತ್ತು ಜಠರಕ್ಕೇ ಸೇರುವುದು ಈ ಅಲೆಗಳಿಂದ. ಅನ್ನನಾಳವು ಜಠರವನ್ನು ಕೂಡುವೆಡೆಯಲ್ಲಿ ಒಂದು ಬಿಗಿಯುಂಗುರವಿದೆ. ಅದು ಸಡಿಲವಾದರೆ ಜಠರದ ಆಮ್ಲ ಮೇಲಕ್ಕೆ ಚಿಮ್ಮಿ ಉರಿಯುತ್ತದೆ. ಅದೇ ಎದೆಯುರಿ. ಹೆಸರಿನಲ್ಲಿ ಎದೆಯಿದ್ದರೂ ಹೃದಯಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಈ ಗೊಂದಲದ ಇನ್ನೊಂದು ಮುಖ ಹೆಚ್ಚು ಅಪಾಯಕರವಾದುದು. ‘ಗ್ಯಾಸ್ಟ್ರಿಕ್’ ಎಂಬುದು ‘ಜಠರಕ್ಕೆ ಸಂಬಂಧಪಟ್ಟ’ ಎಂಬರ್ಥದ ಬರಿಯ ವಿಶೇಷಣ. ನಮ್ಮ ನಾಡಿನಲ್ಲಿ ಅದು ನಾಮಪದವಾಗಿ, ರೋಗವಾಗಿ, ‘ಗ್ಯಾಸ್’ ಎಂಬುದರೊಡನೆ ಬೆರೆತು, ಎದೆಯಲ್ಲಿ ಏನಾದರೂ ಅದೇ ಎನ್ನುವಂತಾಗಿದೆ. ಎದೆಯ ನಡುವೆ ಹಿಂಡಿದಂತಾಗಿ, ಬೆವರು ಸುರಿದು, ನೋವು ಎಡತೋಳಿಗೋ ದವಡೆಗೋ ಹರಿದು, ಉಸಿರು ಕಟ್ಟಿದಾಗಲೂ “ಗ್ಯಾಸ್ಟ್ರಿಕ್ ಇರಬೇಕು” ಎಂದು ಜೀರಿಗೆಯ ಕಷಾಯ ಕುಡಿದು ಮಲಗುವವರುಂಟು. ಹೃದಯಾಘಾತದಲ್ಲಿ ಒಂದೊಂದು ಗಂಟೆಗೂ ಬೆಲೆಯುಂಟು. ಮುಚ್ಚಿಹೋದ ರಕ್ತನಾಳವನ್ನು ಬೇಗ ತೆರೆದಷ್ಟೂ ಹೃದಯದ ಸ್ನಾಯು ಉಳಿಯುತ್ತದೆ. ಒಂದು ವಿಶೇಷಣ ನಾಮಪದವಾದುದಕ್ಕೆ ಇಷ್ಟು ದೊಡ್ಡ ದಂಡವನ್ನು ಬೇರೆ ಯಾವ ವ್ಯಾಕರಣದೋಷಕ್ಕೂ ತೆತ್ತುದನ್ನು ನಾವು ಕಾಣೆವು.

ಕಿಟಕಿಯಿದ್ದ ಜಠರ

ಜಠರವೆಂದರೆ ಹೊಟ್ಟೆಯಲ್ಲ, ಹೊಟ್ಟೆಯ ಮೇಲ್ಭಾಗದಲ್ಲಿ, ಎಡಕ್ಕೆ ಒತ್ತರಿಸಿಕೊಂಡಿರುವ ಒಂದು ಸ್ನಾಯುಚೀಲ. ಊಟವಾದ ಮೇಲೆ ಅದು ಒಂದು ಲೀಟರಿಗೂ ಮಿಕ್ಕಿ ಹಿಗ್ಗುತ್ತದೆ. ಅದರೊಳಗೆ ನಡೆಯುವುದೇನು? ಬೀಸುಕಲ್ಲಿನ ಕೆಲಸವೆಂದು ಕೆಲವರು, ಅಡಿಗೆಯೆಂದು ಕೆಲವರು, ಕೊಳೆಯುವಿಕೆಯೆಂದು ಕೆಲವರು ಶತಮಾನಗಳ ಕಾಲ ವಾದಿಸಿದರು. ನಮ್ಮವರು ಅದನ್ನು ‘ಜಠರಾಗ್ನಿ’ ಎಂದರು. 1752ರಲ್ಲಿ ಫ್ರಾನ್ಸಿನ ರೆಯೊಮ್ಯೂರನು ಸಾಕಿದ ಹದ್ದೊಂದಕ್ಕೆ ಸಣ್ಣ ಲೋಹದ ಕೊಳವೆಗಳಲ್ಲಿ ಮಾಂಸವಿಟ್ಟು ನುಂಗಿಸಿದನು. ಹದ್ದು ಅವನ್ನು ಕಕ್ಕಿದಾಗ ಕೊಳವೆ ಹಾಗೆಯೇ ಇದ್ದು ಮಾಂಸ ಮಾತ್ರ ಕರಗಿತ್ತು. ಆಮೇಲೆ ಇಟಲಿಯ ಸ್ಪಲ್ಲಾಂಜಾನಿ ಬಟ್ಟೆಯ ಚೀಲಗಳಲ್ಲಿ ಆಹಾರವನ್ನು ಹೊಲಿದು ತಾನೇ ನುಂಗಿ ನೋಡಿದನು. ಆದರೂ ಜೀವಂತ ಮನುಷ್ಯನ ಜಠರದೊಳಗೆ ಇಣಿಕಿ ನೋಡಿದವರು ಯಾರೂ ಇರಲಿಲ್ಲ.

ಆ ಅವಕಾಶ ಒಂದು ದುರಂತದಿಂದ ಒದಗಿತು. ಅಮೆರಿಕದ ಮಿಶಿಗನ್ ಪ್ರಾಂತದಲ್ಲಿ, ಹ್ಯೂರಾನ್ ಸರೋವರದೊಳಗೆ, ಮ್ಯಾಕಿನಾ ಎಂಬ ದ್ವೀಪವಿದೆ. 1822ರ ಜೂನ್ 6ರಂದು ಅಲ್ಲಿಯ ತುಪ್ಪುಳು ವ್ಯಾಪಾರದ ಕಂಪೆನಿಯ ಅಂಗಡಿಯಲ್ಲಿ ಯಾರದೋ ಬಂದೂಕು ಆಕಸ್ಮಿಕವಾಗಿ ಹಾರಿತು. ಒಂದು ಗಜದಷ್ಟು ಸಮೀಪದಲ್ಲಿ ನಿಂತಿದ್ದ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಫ್ರೆಂಚ್ ಕೆನಡಿಯನ್ ಕೂಲಿ ದೋಣಿಗನ ಎಡಪಕ್ಕೆ ಹಾರಿಹೋಯಿತು. ಪಕ್ಕೆಲುಬುಗಳು ಮುರಿದು, ಗಾಯದ ಬಾಯಿಂದ ಬೆಳಗಿನ ಉಪಾಹಾರ ಹೊರಗೆ ಬರುತ್ತಿತ್ತು. ಕೋಟೆಯ ಸೈನಿಕ ವೈದ್ಯನಾದ ವಿಲಿಯಂ ಬೋಮಾಂಟ್ ಬಂದು ನೋಡಿ, ಈತ ಉಳಿಯುವುದಿಲ್ಲವೆಂದೇ ಭಾವಿಸಿ ಚಿಕಿತ್ಸೆ ಮಾಡಿದನು. ಆದರೆ ಸೇಂಟ್ ಮಾರ್ಟಿನ್ ಉಳಿದನು. ತಿಂಗಳುಗಳು ಕಳೆದವು, ಗಾಯ ಮಾಗಿತು; ಜಠರಕ್ಕೆ ಬಿದ್ದ ತೂತು ಮಾತ್ರ ಮುಚ್ಚಲಿಲ್ಲ. ಅದರ ಅಂಚು ಚರ್ಮಕ್ಕೆ ಅಂಟಿಕೊಂಡು, ಒಳಗಿನ ಪೊರೆಯ ಒಂದು ಮಡಿಕೆ ಬಾಗಿಲ ಪರದೆಯಂತೆ ಜೋತುಬಿದ್ದಿತು. ಬೆರಳಿನಿಂದ ಅದನ್ನು ಒಳಕ್ಕೆ ಒತ್ತಿದರೆ ಜಠರದ ಒಳಭಾಗ ಕಣ್ಣಿಗೆ ಕಾಣುತ್ತಿತ್ತು.

ನಿರ್ಗತಿಕನಾದ ಅವನನ್ನು ಸಾಕಲಾರದೆ ಊರಿನ ಅಧಿಕಾರಿಗಳು ಅವನ ಹುಟ್ಟೂರಿಗೆ ಅಟ್ಟಲು ನಿಶ್ಚಯಿಸಿದಾಗ ಬೋಮಾಂಟ್ ತನ್ನ ಮನೆಗೆ ಕರೆದೊಯ್ದನು. ಅದು ಕರುಣೆಯೋ ಕುತೂಹಲವೋ? ಎರಡೂ ಇದ್ದಿರಬೇಕೆಂದು ನಮ್ಮ ಅಭಿಪ್ರಾಯ. 1825ರ ಆಗಸ್ಟ್ 1ರ ಮಧ್ಯಾಹ್ನ 12 ಗಂಟೆಗೆ ಮೊದಲ ಪ್ರಯೋಗ ನಡೆಯಿತು. ಮಸಾಲೆ ಹಾಕಿದ ಗೋಮಾಂಸ, ಹಸಿ ಹಂದಿಮಾಂಸ, ಹಸಿ ಹಾಗೂ ಬೆಂದ ಉಪ್ಪುಮಾಂಸ, ಹಳೆಯ ರೊಟ್ಟಿ, ಹಸಿಯ ಎಲೆಕೋಸು ಇವುಗಳ ತುಣುಕುಗಳನ್ನು ರೇಷ್ಮೆಯ ದಾರಕ್ಕೆ ಪೋಣಿಸಿ ಆ ತೂತಿನ ಮೂಲಕ ಒಳಗಿಳಿಸಿದನು. ಸೇಂಟ್ ಮಾರ್ಟಿನ್ ಎಂದಿನಂತೆ ಮನೆಯ ಕೆಲಸಕ್ಕೆ ಹೋದನು. 1 ಗಂಟೆಗೆ ದಾರವನ್ನು ಎಳೆದಾಗ ಕೋಸು, ರೊಟ್ಟಿಗಳು ಅರ್ಧ ಕರಗಿದ್ದವು, ಮಾಂಸ ಹಾಗೆಯೇ ಇತ್ತು. 2 ಗಂಟೆಗೆ ಕೋಸು, ರೊಟ್ಟಿ, ಹಂದಿಮಾಂಸ, ಬೆಂದ ಮಾಂಸ ಇವೆಲ್ಲ ದಾರವನ್ನು ಬರಿದು ಮಾಡಿ ಮಾಯವಾಗಿದ್ದವು.

ಕೆಲವು ದಿನಗಳ ಮೇಲೆ ಬೋಮಾಂಟ್ ಜಠರರಸವನ್ನೇ ಒಂದು ಸೀಸೆಗೆ ತೆಗೆದು, ಅದರಲ್ಲಿ ಬೆಂದ ಮಾಂಸದ ತುಣುಕನ್ನು ಹಾಕಿ, ಮೈಯ ಶಾಖದಷ್ಟೇ ಬಿಸಿಯಾದ ನೀರಿನಲ್ಲಿ ಇರಿಸಿದನು. ಜಠರದೊಳಗೆ ಎರಡು ಗಂಟೆಯೊಳಗಾದ ಕೆಲಸಕ್ಕೆ ಸೀಸೆಯಲ್ಲಿ ಹತ್ತು ಗಂಟೆ ಹಿಡಿಯಿತು. ಆದರೆ ಕೆಲಸ ಆಯಿತು. ಬೀಸುಕಲ್ಲಿಲ್ಲ, ಒಲೆಯಿಲ್ಲ, ಜೀವವೂ ಇಲ್ಲ. ಬರಿಯ ಗಾಜಿನೊಳಗೆ ಮಾಂಸ ಕರಗಿತು. ಜೀರ್ಣಕ್ರಿಯೆ ಒಂದು ರಾಸಾಯನಿಕ ಕ್ರಿಯೆ ಎಂಬ ಮಾತಿಗೆ ಇನ್ನು ಬೇರೆ ಸಾಕ್ಷಿ ಬೇಕಾಗಲಿಲ್ಲ. ಸೇಂಟ್ ಮಾರ್ಟಿನ್ ಸಿಟ್ಟಾದಾಗ ಜೀರ್ಣಕ್ರಿಯೆ ಏರುಪೇರಾಗುವುದನ್ನೂ ಅವನು ಬರೆದಿಟ್ಟಿದ್ದಾನೆ. ಸಿಟ್ಟಾಗಲು ಆ ಬಡಪಾಯಿಗೆ ಕಾರಣಗಳೂ ಇದ್ದವು. ಅವನು ಒಮ್ಮೆ ಹೇಳದೆ ಕೆನಡಾಕ್ಕೆ ಹೊರಟುಹೋಗಿ, ಮದುವೆಯಾಗಿ, ಮಕ್ಕಳನ್ನು ಪಡೆದು, ಮತ್ತೆ 1829ರಲ್ಲಿ ಸಂಸಾರಸಮೇತ ಮರಳಿದನು. 1832ರಲ್ಲಿ ವರ್ಷಕ್ಕೆ 150 ಡಾಲರಿನಂತೆ ತನ್ನ ಜಠರವನ್ನು ಪ್ರಯೋಗಕ್ಕೆ ಒಪ್ಪಿಸುವ ಕರಾರಿಗೆ ಸಹಿ ಹಾಕಿದನು. 1833ರಲ್ಲಿ ಬೋಮಾಂಟ್ 238 ಪ್ರಯೋಗಗಳ ವಿವರವುಳ್ಳ ಪುಸ್ತಕವನ್ನು ಪ್ರಕಟಿಸಿ ಪ್ರಖ್ಯಾತನಾದನು. 1834ರ ಬಳಿಕ ಸೇಂಟ್ ಮಾರ್ಟಿನ್ ಎಷ್ಟು ಕರೆದರೂ ಅವನ ಬಳಿಗೆ ಹೋಗಲಿಲ್ಲ. ವೈದ್ಯನು 1853ರಲ್ಲಿ ತೀರಿಕೊಂಡನು; ಸಾಯುವನೆಂದು ಅವನು ಎಣಿಸಿದ್ದ ರೋಗಿ ಅವನಿಗಿಂತ 27 ವರ್ಷ ಹೆಚ್ಚು ಕಾಲ, 1880ರವರೆಗೆ, ಬಾಳಿದನು. ಆ ಜಠರಕ್ಕಾಗಿ ವೈದ್ಯರು ಬರುವರೆಂದು ತಿಳಿದಿದ್ದ ಮನೆಯವರು ಬೇಸಗೆಯಲ್ಲಿ ಶವವನ್ನು ಕೆಡುವವರೆಗೆ ಇರಿಸಿಕೊಂಡು, ಎಂಟು ಅಡಿ ಆಳದ ಗುಂಡಿಯಲ್ಲಿ ಹೂಳಿದರು. ಪಾಠದ ಪುಸ್ತಕಗಳಲ್ಲಿ ಬೋಮಾಂಟನ ಹೆಸರಿನ ಪಕ್ಕದಲ್ಲಿ ಸೇಂಟ್ ಮಾರ್ಟಿನ್ನನ ಹೆಸರನ್ನೂ ಅಷ್ಟೇ ದಪ್ಪ ಅಕ್ಷರಗಳಲ್ಲಿ ಮುದ್ರಿಸಬೇಕೆಂಬುದು ನಮ್ಮ ಆಸೆ.

ಜಠರರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂಬುದನ್ನು ಇಂಗ್ಲೆಂಡಿನ ಪ್ರೌಟ್ ಅದೇ ಕಾಲದಲ್ಲಿ ತೋರಿಸಿಕೊಟ್ಟನು. 1836ರಲ್ಲಿ ಜರ್ಮನಿಯ ಶ್ವಾನ್ ಅದರೊಳಗಿನ ಕಿಣ್ವವನ್ನು ಗುರುತಿಸಿ ಪೆಪ್ಸಿನ್ ಎಂದು ಹೆಸರಿಟ್ಟನು. ಮಾಂಸವನ್ನೇ ಕರಗಿಸುವ ಈ ರಸ ಜಠರವನ್ನೇಕೆ ಕರಗಿಸುವುದಿಲ್ಲ? ಒಳಗೋಡೆಯ ಮೇಲೆ ಲೋಳೆಯ ಲೇಪವಿದೆ. ಅದರಡಿಯ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತಿರುತ್ತವೆ. ಈ ಕಾವಲು ಮುರಿದರೆ ಹುಣ್ಣು. ಖಾರ ತಿಂದದ್ದರಿಂದ, ಚಿಂತೆ ಮಾಡಿದ್ದರಿಂದ ಹುಣ್ಣಾಯಿತೆಂದು ವೈದ್ಯರೂ ಬಹುಕಾಲ ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ವಾರೆನ್ ಮತ್ತು ಮಾರ್ಷಲ್ ಎಂಬಿಬ್ಬರು ಜಠರದಲ್ಲಿ ಬದುಕುವ ಸುರುಳಿಯಾಕಾರದ ಬ್ಯಾಕ್ಟೀರಿಯವೊಂದನ್ನು ಬೆಳೆಸಿ ತೋರಿಸಿದರು. ಯಾರೂ ನಂಬದಿರಲು, 1984ರಲ್ಲಿ ಮಾರ್ಷಲ್ ಅದನ್ನು ತಾನೇ ಕುಡಿದು ಜಠರದ ಉರಿಯೂತವನ್ನು ತಂದುಕೊಂಡನು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಮೆಣಸಿನಕಾಯಿಗೆ ಅಂಟಿದ್ದ ಅಪವಾದ ಬಹುಮಟ್ಟಿಗೆ ತೊಲಗಿತು; ನೋವಿನ ಮಾತ್ರೆಗಳನ್ನು ಕಡಲೆಯಂತೆ ನುಂಗುವವರ ಮೇಲಿನ ಅಪವಾದ ಮಾತ್ರ ಇನ್ನೂ ಉಳಿದಿದೆ, ಉಳಿಯತಕ್ಕದ್ದೂ ಹೌದು.

ಹನ್ನೆರಡು ಬೆರಳಿನ ಕರುಳು

ಗಂಜಿಯಂತಾದ ಮುದ್ದೆ ಈಗ ಜಠರದ ಕೆಳಬಾಗಿಲಿಗೆ ಬಂದಿದೆ. ಅದರ ಹೆಸರು ಪೈಲೋರಸ್. ಗ್ರೀಕ್ ಭಾಷೆಯಲ್ಲಿ ಬಾಗಿಲು ಕಾಯುವವನೆಂದು ಅರ್ಥ. ಅವನು ಒಂದೊಂದೇ ಗುಟುಕನ್ನು ಮುಂದಕ್ಕೆ ಬಿಡುತ್ತಾನೆ. ಅಲ್ಲಿಂದ ಮುಂದಿನದು ಡಿಯೋಡಿನಮ್. ಇದರ ಉದ್ದ ಹನ್ನೆರಡು ಬೆರಳುಗಳ ಅಗಲದಷ್ಟೆಂದು ಅಳೆದ ಅಲೆಗ್ಸಾಂಡ್ರಿಯದ ಹೆರೋಫಿಲಸನು ಅದನ್ನೇ ಹೆಸರಾಗಿಟ್ಟನು. ಆ ಗ್ರೀಕ್ ಮಾತಿನ ಲ್ಯಾಟಿನ್ ರೂಪ ಇದು. ನಾವೂ ‘ಹನ್ನೆರಡು ಬೆರಳಿನ ಕರುಳು’ ಎಂದರೆ ನಷ್ಟವೇನು? ಅದರ ಮುಂದಿನ ಭಾಗ ಜೆಜುನಮ್, ಎಂದರೆ ಉಪವಾಸದ ಕರುಳು. ಹೆಣಗಳನ್ನು ಕೊಯ್ದಾಗ ಅದು ಬರಿದಾಗಿ ಕಂಡುದರಿಂದ ಈ ಹೆಸರು. ಪಾರಿಭಾಷಿಕ ಪದಗಳೆಂದರೆ ಹೆದರುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು: ಹಳಬರು ಕಂಡದ್ದನ್ನು ಕಂಡಂತೆ ಹೇಳಿದ ಮನೆಮಾತುಗಳೇ ಅವು.

ಹನ್ನೆರಡು ಬೆರಳಿನ ಕರುಳಿಗೆ ಎರಡು ರಸಗಳು ಹರಿದುಬರುತ್ತವೆ. ಒಂದು ಮೇದೋಜೀರಕ ಗ್ರಂಥಿಯದು. ಈ ಹೆಸರಿನ ಮೇಲೆ ನಮಗೊಂದು ತಕರಾರಿದೆ. ಮೇದಸ್ಸನ್ನು, ಎಂದರೆ ಜಿಡ್ಡನ್ನು, ಜೀರ್ಣಿಸುವುದೆಂದು ಇದರ ಅರ್ಥ. ಆದರೆ ಆ ಗ್ರಂಥಿಯ ರಸ ಜಿಡ್ಡನ್ನಷ್ಟೇ ಅಲ್ಲ, ಪಿಷ್ಟವನ್ನೂ ಸಸಾರಜನಕವನ್ನೂ ಜೀರ್ಣಿಸುತ್ತದೆ. ಅಲ್ಲದೆ ಇದೇ ಗ್ರಂಥಿ ಇನ್ಸುಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸುರಿಸುತ್ತದೆ. ಮೂರಾಳಿನ ದುಡಿಮೆಗೆ ಒಂದಾಳಿನ ಹೆಸರು! ಇನ್ನೊಂದು ರಸ ಯಕೃತ್ತಿನಿಂದ ಬರುವ ಪಿತ್ತರಸ. ಯಕೃತ್ತು ಬಲಪಕ್ಕೆಯ ಅಡಿಯಲ್ಲಿರುವ, ಸುಮಾರು 1.5 ಕಿಲೋಗ್ರಾಂ ತೂಕದ ಅಂಗ. ‘ಈಲಿ’ ಎಂಬ ಚೊಕ್ಕ ಕನ್ನಡದ ಮಾತು ಇದಕ್ಕಿದೆ. ಪುಸ್ತಕಗಳು ಅದನ್ನು ಕೈಬಿಟ್ಟು ‘ಪಿತ್ತಜನಕಾಂಗ’ವೆಂಬ ಭಾರವನ್ನು ಮಕ್ಕಳ ಮೇಲೆ ಹೊರಿಸಿವೆ. ಪಿತ್ತರಸದಲ್ಲಿ ಕಿಣ್ವವೇ ಇಲ್ಲ. ಎಣ್ಣೆಯ ತಲೆಗೆ ಸೀಗೆಪುಡಿ ಮಾಡುವ ಕೆಲಸವನ್ನು ಅದು ಜಿಡ್ಡಿಗೆ ಮಾಡುತ್ತದೆ: ಒಡೆದು, ನೀರಿನಲ್ಲಿ ಬೆರೆಯುವಂಥ ಸಣ್ಣ ಹನಿಗಳನ್ನಾಗಿಸುತ್ತದೆ. ಆಯುರ್ವೇದದ ವಾತ, ಪಿತ್ತ, ಕಫಗಳಲ್ಲಿ ಬರುವ ಪಿತ್ತ ಒಂದು ದೋಷತತ್ತ್ವದ ಹೆಸರು. ಪಿತ್ತಕೋಶದಲ್ಲಿ ಶೇಖರವಾಗುವ ಹಳದಿ ಹಸಿರು ದ್ರವವನ್ನೂ ಅದೇ ಮಾತಿನಿಂದ ಕರೆದುದರಿಂದ ಎರಡಕ್ಕೂ ಗೊಂದಲವುಂಟಾಗಿದೆ. ತಲೆತಿರುಗಿದರೂ ಪಿತ್ತ, ಬಾಯಿ ಕಹಿಯಾದರೂ ಪಿತ್ತ, ಸಿಟ್ಟು ಬಂದರೆ ಅದು ನೆತ್ತಿಗೇ ಏರುತ್ತದೆ.

ಇಲ್ಲಿಯವರೆಗೆ ನಡೆದುದು ಕತ್ತರಿಸುವ ಕೆಲಸ. ಪಿಷ್ಟವು ಗ್ಲೂಕೋಸ್ ಆಯಿತು. ಜಿಡ್ಡು ಕೊಬ್ಬಿನ ಆಮ್ಲಗಳಾಗಿ ಒಡೆಯಿತು. ಸಾರಜನಕವನ್ನು ಒಳಗೊಂಡುದರಿಂದ ಸಸಾರಜನಕವೆನಿಸಿಕೊಂಡ ಪ್ರೋಟೀನು 20 ಬಗೆಯ ಅಮೈನೋ ಆಮ್ಲಗಳಾಗಿ ಬಿಡಿಬಿಡಿಯಾಯಿತು. ಈ ಇಪ್ಪತ್ತರಲ್ಲಿ 9ನ್ನು ದೇಹ ತಾನಾಗಿ ತಯಾರಿಸಲಾರದು, ಊಟದಿಂದಲೇ ಬರಬೇಕು. ಧಾನ್ಯಗಳಲ್ಲಿ ಲೈಸೀನ್ ಎಂಬುದು ಕಡಮೆ, ಬೇಳೆಕಾಳುಗಳಲ್ಲಿ ಮೆಥಿಯೋನೀನ್ ಕಡಮೆ. ಎರಡನ್ನೂ ಕೂಡಿಸಿ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅವರೆಕಾಳಿನ ಸಾರನ್ನು ನಾವು ಸುಮ್ಮನೆ ಜೊತೆ ಮಾಡಲಿಲ್ಲ. ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಜೀವಸತ್ವಗಳು, ಖನಿಜಗಳು, ನೀರು ಇವುಗಳನ್ನು ಕತ್ತರಿಸುವ ಅಗತ್ಯವಿಲ್ಲ.

ಇಷ್ಟಾದರೂ ನಮ್ಮ ತುತ್ತು ಇನ್ನೂ ದೇಹದ ಹೊರಗೇ ಇದೆ ಎಂದರೆ ವಾಚಕರು ಅಚ್ಚರಿಪಡಬಹುದು. ಬಾಯಿಯಿಂದ ಗುದದವರೆಗಿನ ಪಚನನಾಳ ಎರಡೂ ತುದಿ ತೆರೆದ ಕೊಳವೆ. ಬಳೆಯ ನಡುವಿನ ಗಾಳಿ ಬಳೆಯೊಳಗಿಲ್ಲವಷ್ಟೆ? ಜೀರ್ಣವಾಗುವುದು ಒಂದು ಮಾತು, ಹೀರಲ್ಪಡುವುದು ಇನ್ನೊಂದು, ಮೈಗೂಡುವುದು ಮೂರನೆಯದು. ಹೀರುವ ಕೆಲಸವೆಲ್ಲ ಬಹುಪಾಲು ಸಣ್ಣಕರುಳಿನದು. ಹೆಸರು ಸಣ್ಣದೆಂದಿದ್ದರೂ ಅದು ಅಗಲದಲ್ಲಿ ಮಾತ್ರ ಸಣ್ಣದು. ಉದ್ದ ಹಲವು ಮೀಟರು. ಅದರ ಒಳಗೋಡೆ ಮಡಿಕೆ ಮಡಿಕೆಯಾಗಿ, ಮಡಿಕೆಗಳ ಮೇಲೆ ಮಕಮಲ್ಲಿನ ನವಿರಿನಂತಹ ಅಂಕುರಗಳಿವೆ. ಅವುಗಳ ಮೇಲಿನ ಕೋಶಗಳಲ್ಲಿ ಇನ್ನೂ ಸೂಕ್ಷ್ಮವಾದ ಅಂಕುರಗಳು. ಇವನ್ನೆಲ್ಲ ಹರಡಿದರೆ ಟೆನ್ನಿಸ್ ಅಂಗಳದಷ್ಟಾಗುವುದೆಂದು ಹಳೆಯ ಪುಸ್ತಕಗಳು ಬರೆದವು. ಇತ್ತೀಚಿನ ಅಳತೆಯಲ್ಲಿ ಅದು ಸುಮಾರು 30 ಚದರ ಮೀಟರಿಗೆ ಇಳಿದಿದೆ. ಒಂದು ದೊಡ್ಡ ಕೋಣೆಯ ನೆಲವೆನ್ನೋಣ. ಸಕ್ಕರೆ, ಅಮೈನೋ ಆಮ್ಲಗಳು ಇಲ್ಲಿಂದ ರಕ್ತಕ್ಕೆ ಇಳಿದು ನೇರವಾಗಿ ಈಲಿಗೆ ಹೋಗುತ್ತವೆ. ಜಿಡ್ಡು ಮಾತ್ರ ದುಗ್ಧನಾಳಗಳೆಂಬ ಬೇರೆ ದಾರಿ ಹಿಡಿಯುತ್ತದೆ. ಉಂಡ ಮೇಲೆ ಆ ನಾಳಗಳು ಹಾಲಿನಂತೆ ಬೆಳ್ಳಗಾಗುವುದನ್ನು 1622ರಲ್ಲಿ ಇಟಲಿಯ ಅಸೆಲ್ಲಿ ನಾಯಿಯೊಂದರಲ್ಲಿ ಕಂಡನು.

ದೊಡ್ಡಕರುಳಿನ ಮಾತನ್ನು ಬೇಗ ಮುಗಿಸೋಣ. ಸುಮಾರು 1.5 ಮೀಟರಿನ ಈ ಭಾಗ ಉಳಿದ ನೀರನ್ನು ಹೀರಿಕೊಳ್ಳುತ್ತದೆ. ನಮಗೆ ಜೀರ್ಣವಾಗದ ನಾರನ್ನು ಅಸಂಖ್ಯ ಬ್ಯಾಕ್ಟೀರಿಯಗಳು ಇಲ್ಲಿ ಹುದುಗಿಸುತ್ತವೆ. ಇದರ ಆರಂಭದಲ್ಲಿ ಬಲಗಡೆ ಜೋತಿರುವ ಬೆರಳಿನಷ್ಟು ಬಾಲವೇ ಅಪೆಂಡಿಕ್ಸು. ಅದಕ್ಕೆ ಉರಿಯೂತವಾದಾಗ ನೋವು ಹೊಕ್ಕುಳಿನ ಸುತ್ತ ಮೊದಲಾಗಿ, ಕೆಲವು ಗಂಟೆಗಳಲ್ಲಿ ಬಲಗಡೆಯ ಕೆಳಹೊಟ್ಟೆಗೆ ಇಳಿಯುತ್ತದೆ. ‘ಹೊಟ್ಟೆನೋವಿಗೆ ಹರಳೆಣ್ಣೆ’ ಎಂಬ ಹಳ್ಳಿಯ ಸೂತ್ರ ಇಲ್ಲಿ ಘಾತಕ. ಭೇದಿಯ ಔಷಧದಿಂದ ಊದಿದ ಬಾಲ ಒಡೆದು ಕೀವು ಹೊಟ್ಟೆಯಲ್ಲೆಲ್ಲ ಹರಡಬಹುದು.

ಉಪ್ಪು, ಸಕ್ಕರೆ, ನೀರು

ಸಣ್ಣಕರುಳಿನಲ್ಲಿ ಒಂದು ವಿಷಯವನ್ನು ಬೇಕೆಂದೇ ಬಿಟ್ಟುಬಂದೆವು. ದಿನವೂ ಕುಡಿದ ನೀರು, ಸುರಿದ ಜೀರ್ಣರಸ ಎಲ್ಲ ಸೇರಿ ಸುಮಾರು 9 ಲೀಟರು ದ್ರವ ಕರುಳಿಗೆ ಬರುತ್ತದೆ. ಮಲದಲ್ಲಿ ಹೊರಹೋಗುವುದು 100ರಿಂದ 200 ಮಿಲಿಲೀಟರು ಮಾತ್ರ. ಉಳಿದುದೆಲ್ಲ ಮರಳಿ ರಕ್ತಕ್ಕೆ. ವಾಂತಿಭೇದಿಯಲ್ಲಿ, ಎಂದರೆ ಕಾಲರಾದಲ್ಲಿ, ಈ ಲೆಕ್ಕ ಬುಡಮೇಲಾಗುತ್ತದೆ. ರೋಗಾಣುವಿನ ವಿಷ ಕರುಳಿನ ಕೋಶಗಳಿಂದ ಉಪ್ಪನ್ನೂ ನೀರನ್ನೂ ಹೊರಕ್ಕೆ ಸುರಿಸುತ್ತದೆ. ಬರಿಯ ನೀರು ಕುಡಿಸಿದರೆ ಹೀರಿಕೆಯಾಗದು. ಉಪ್ಪುನೀರನ್ನು ಕುಡಿಸಿದರೂ ಆಗದು. ರಕ್ತನಾಳಕ್ಕೆ ಸೂಜಿ ಚುಚ್ಚಿ ಲವಣಜಲವನ್ನು ಏರಿಸುವುದೊಂದೇ ದಾರಿಯೆಂದು ವೈದ್ಯರು ತಿಳಿದಿದ್ದರು.

1953ರಲ್ಲಿ ಕಲ್ಕತ್ತೆಯ ವೈದ್ಯ ಹೇಮೇಂದ್ರನಾಥ ಚಟರ್ಜಿ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿ ರೋಗಿಗಳನ್ನು ಗುಣಪಡಿಸಿದುದನ್ನು ಪ್ರಕಟಿಸಿದ್ದನು. ಏಕೆ ಗುಣವಾಯಿತೆಂಬುದನ್ನು ವಿವರಿಸುವ ಶಾಸ್ತ್ರ ಆಗ ಇರಲಿಲ್ಲವಾಗಿ ಜಗತ್ತು ಅತ್ತ ಕಿವಿಗೊಡಲಿಲ್ಲ. 1960ರಲ್ಲಿ ಪ್ರಾಗ್ ನಗರದ ಸಮ್ಮೇಳನವೊಂದರಲ್ಲಿ ರಾಬರ್ಟ್ ಕ್ರೇನ್ ಎಂಬಾತ ಅದಕ್ಕೆ ಬೇಕಾದ ಬೀಗದ ಕೈಯನ್ನು ಒದಗಿಸಿದನು. ಅಂಕುರದ ಕೋಶಗಳಲ್ಲಿ ಗ್ಲೂಕೋಸಿಗೂ ಸೋಡಿಯಂಗೂ ಒಂದೇ ಬಾಗಿಲು. ಜೊತೆ ಇಲ್ಲದೆ ಅಲ್ಲಿ ಒಳಗೆ ಬಿಡುವುದಿಲ್ಲ. ಇವೆರಡೂ ಒಳಹೊಕ್ಕರೆ ನೀರು ತಾನಾಗಿ ಹಿಂಬಾಲಿಸುತ್ತದೆ. ಕಾಲರಾದ ವಿಷ ಈ ಬಾಗಿಲನ್ನು ಕೆಡಿಸುವುದಿಲ್ಲವೆಂಬುದು ಕ್ರಮೇಣ ತಿಳಿಯಿತು. 1968ರಲ್ಲಿ ಢಾಕಾದಲ್ಲಿ ನಡೆದ ಪರೀಕ್ಷೆಗಳು ಇದನ್ನು ರೋಗಿಗಳಲ್ಲಿ ದೃಢಪಡಿಸಿದವು.

1971ರಲ್ಲಿ ಪೂರ್ವ ಬಂಗಾಳದಿಂದ ಲಕ್ಷಗಟ್ಟಲೆ ನಿರಾಶ್ರಿತರು ಗಡಿ ದಾಟಿ ಬಂದರು. ಬನಗಾಂವ್ ಎಂಬ ಗಡಿಯೂರಿನ ಆಸ್ಪತ್ರೆಯಲ್ಲಿ ಕಾಲರಾದ ರೋಗಿಗಳು ನೆಲದ ಮೇಲೆಲ್ಲ ಮಲಗಿದ್ದರು. ದಿಲೀಪ್ ಮಹಲನಬಿಸ್ ಎಂಬ ವೈದ್ಯನ ಬಳಿಯಿದ್ದ ಲವಣಜಲದ ಸೀಸೆಗಳು ಮುಗಿಯುತ್ತ ಬಂದವು. ಆತ ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡಿಗೆಯ ಉಪ್ಪು, 2.5 ಗ್ರಾಂ ಅಡಿಗೆಯ ಸೋಡಾ ಎಂಬ ಲೆಕ್ಕದಲ್ಲಿ ಕಲ್ಕತ್ತೆಯಲ್ಲಿ ಪೊಟ್ಟಣ ಕಟ್ಟಿಸಿ ತರಿಸಿ, ಪೀಪಾಯಿಗಳಲ್ಲಿ ನೀರಿಗೆ ಬೆರೆಸಿ, ಲೋಟಗಳನ್ನು ರೋಗಿಗಳ ತಾಯಿ, ಅಣ್ಣ, ತಂಗಿಯರ ಕೈಗೆ ಕೊಟ್ಟನು. ಸುಮಾರು ಶೇಕಡ 30ರಷ್ಟಿದ್ದ ಸಾವು ಅವನ ಆರೈಕೆಯಲ್ಲಿದ್ದವರಲ್ಲಿ ಶೇಕಡ 3.6ಕ್ಕೆ ಇಳಿಯಿತು. 1978ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಸಂಪಾದಕೀಯ ಈ ಬಾಗಿಲಿನ ಶೋಧವನ್ನು ಶತಮಾನದ ಅತ್ಯಂತ ಮಹತ್ವದ ವೈದ್ಯಕೀಯ ಮುನ್ನಡೆ ಎನಿಸಬಹುದಾದುದೆಂದು ಬಣ್ಣಿಸಿತು. ಮಹಲನಬಿಸ್ 2022ರಲ್ಲಿ ತೀರಿಕೊಂಡನು. 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಬಂದಿತು.

ಭೇದಿಯಾಗುವ ಮಗುವಿಗೆ ನೀರು ಕೊಟ್ಟರೆ ಭೇದಿ ಹೆಚ್ಚುವುದೆಂದು ಹೊಟ್ಟೆಯನ್ನು ಒಣಗಿಸುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ. ಮಗು ಸಾಯುವುದು ಭೇದಿಯಿಂದಲ್ಲ, ಒಣಗುವುದರಿಂದ. ಔಷಧದ ಅಂಗಡಿಯಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಬೇಕು. ಅರ್ಧ ಪೊಟ್ಟಣ, ಅರ್ಧ ಲೋಟ ಎಂದು ಅಂದಾಜು ಮಾಡಬಾರದು. ಪೊಟ್ಟಣ ಸಿಕ್ಕದಿದ್ದರೆ ಕುದಿಸಿ ಆರಿಸಿದ 1 ಲೀಟರು ನೀರಿಗೆ ಮಟ್ಟಸವಾಗಿ ಅಳೆದ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ. ಅಕ್ಕಿಯ ಗಂಜಿಗೆ ಚಿಟಿಕೆ ಉಪ್ಪು ಹಾಕಿ ಕುಡಿಸುತ್ತಿದ್ದ ಅಜ್ಜಿಯರು ಸರಿಯಾದ ದಾರಿಯಲ್ಲಿಯೇ ಇದ್ದರು: ಗಂಜಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸಾಗಿ ಅದೇ ಬಾಗಿಲನ್ನು ತೆರೆಯುತ್ತದೆ. ಎದೆಹಾಲನ್ನೂ ಊಟವನ್ನೂ ನಿಲ್ಲಿಸಬಾರದು. ವೈದ್ಯರು ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತ ಮೇಲೂ ಹೇಳಿದಷ್ಟು ದಿನ ಮುಂದುವರಿಸಬೇಕು. ಕಣ್ಣು ಗುಳಿಬಿದ್ದು, ಮಗು ಮಂಕಾಗಿ, ಕುಡಿಯಲಾರದಂತಾದರೆ ಆಸ್ಪತ್ರೆಗೆ ಒಯ್ಯಬೇಕು. ಕುಡಿಸಿದುದನ್ನು ಕಕ್ಕಿಕೊಂಡರೆ ಹತ್ತು ನಿಮಿಷ ತಾಳಿ, ಮತ್ತೆ ಒಂದೊಂದೇ ಚಮಚದಂತೆ ನಿಧಾನವಾಗಿ ಕುಡಿಸಬೇಕು.